ಎಡದ ಚಕ್ರ ಬಲಕ್ಕೆ

ಕಾಫಿ ಆರಿ ಕೆನೆಗಟ್ಟಿ ಎಷ್ಟು ಹೊತ್ತಾಗಿತ್ತೋ, ಅವನು ಅಡುಗೆಮನೆಯ ಮೇಜು ಬಿಟ್ಟು ಎದ್ದಿರಲಿಲ್ಲ. ಎದುರಿಗೆ ಮಡಿಸಿ ಹಾಸಿದ ಟವೆಲ್ಲಿನ ಮೇಲೆ ಅಂಗೈಯುದ್ದದ ಟ್ರ್ಯಾಕ್ಟರೊಂದು ಹಿಂದಿನ ಎರಡು ಚಕ್ರಗಳಿಲ್ಲದೆ ಅಂಡೂರಿ ಕೂತಿತ್ತು. ಆ ಚಕ್ರಗಳು ಅವನ ಎರಡು ಕೈಗಳಲ್ಲಿದ್ದವು. ಎಡಗೈಯದನ್ನು ಎಡಕ್ಕೆ, ಬಲಗೈಯದನ್ನು ಬಲಕ್ಕೆ ಸಿಕ್ಕಿಸಿದರೆ ಮುಗಿಯಿತು; ಗುಂಡುಸೂಜಿ ದಪ್ಪದ ಹಿತ್ತಾಳೆಯ ಕಡ್ಡಿ ಟಿಕ್ ಎಂದು ಕೂರುತ್ತದೆ, ಅರ್ಧ ನಿಮಿಷದ ಕೆಲಸ. ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಸಿಕ್ಕಿಸುವುದೂ ಅರ್ಧ ನಿಮಿಷದ್ದೇ ಕೆಲಸ. ಹನ್ನೊಂದು ದಿನಗಳಿಂದ ಅವನು ಈ ಎರಡು ಅರ್ಧ ನಿಮಿಷಗಳ ನಡುವೆ ಸಿಕ್ಕಿಕೊಂಡಿದ್ದ. ಮಲಗುವಾಗ ಸರಿಯಾಗಿ ಹಾಕಿ ಮಲಗುವುದು, ಎದ್ದ ಕೂಡಲೇ ಅದಲುಬದಲು ಮಾಡುವುದು, ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟಿದವನು ಮತ್ತೆ ಬಿಚ್ಚಿ ಒಳಗೆ ಬಂದು ಸರಿಮಾಡಿ ಹೋಗುವುದು. ಹಿತ್ತಾಳೆಯ ಕಡ್ಡಿಯೇ ಸವೆದು ಸಡಿಲವಾಗಿತ್ತು. ಮಾಡೆಲ್ ಕಟ್ಟುವವರೆಲ್ಲ ಕೊನೆಗೆ ಚಕ್ರಗಳನ್ನು ಅಂಟಿಸಿಬಿಡುತ್ತಾರೆ. ಅವನೊಬ್ಬ ಮಾತ್ರ, ಆಮೇಲೆ ನೋಡೋಣ ಎಂದು, ಬಿಚ್ಚುವ ಹಾಗೆ ಇಟ್ಟುಕೊಂಡಿದ್ದ. ಹೇಡಿಗಳಿಗೂ ಒಂದು ಕುಶಲಕಲೆ ಇರುತ್ತದೆ ಎಂದು ತನ್ನನ್ನೇ ಬೈದುಕೊಂಡ.

"ಇನ್ನೂ ಮುಚ್ಚಲಿಲ್ವಾ ನಿಮ್ಮ ಪಂಕ್ಚರ್ ಅಂಗಡಿ?" ಎಂದಳು ಹೆಂಡತಿ, ಒದ್ದೆ ತಲೆಗೆ ಬಟ್ಟೆ ಸುತ್ತಿಕೊಂಡು ಬಂದವಳು. "ಒಂಬತ್ತೂವರೆ ಬಸ್ಸು ತಪ್ಪಿದ್ರೆ ಆಮೇಲೆ ಹನ್ನೊಂದಕ್ಕೇ. ಭಾವ ನಮಗಿಂತ ಮುಂಚೆ ಬಂದು ಪ್ರದರ್ಶನದ ಬಾಗಿಲಲ್ಲಿ ನಿಂತಿರ್ತಾರೆ."

"ಅಣ್ಣ ಬರೋದಿಲ್ಲ ಬಿಡು. ಮೊಣಕಾಲು ನೋವು ಅಂತಿದ್ದ."

"ಬರ್ತಾರೆ. ಬರಲೇಬೇಕು ಅಂತ ನಾನೇ ಫೋನ್ ಮಾಡಿದ್ದಲ್ವಾ? ಬರ್ತೀನಿ ಕಣಮ್ಮಾ, ಅವನು ಅಷ್ಟು ದಿನದಿಂದ ಕೂತು ಏನು ಕೆರೀತಿದಾನೆ ನಾನೂ ನೋಡ್ಬೇಕು ಅಂದ್ರು."

ಆ ಫೋನ್ ಹೋಗಿ ಹನ್ನೊಂದು ದಿನವಾಗಿತ್ತು. ಅಲ್ಲಿಯವರೆಗೆ ಚಕ್ರಗಳ ಮಾತೇ ಇರಲಿಲ್ಲ. ಹೆಂಡತಿ ಮೇಜಿನ ಮೇಲೆ ಬಗ್ಗಿ, ಅವನ ಕೈಯಲ್ಲಿದ್ದುದನ್ನು ಒಮ್ಮೆ, ಅವನ ಮುಖವನ್ನು ಒಮ್ಮೆ ನೋಡಿದಳು. "ಯಾವ ಕಡೆ ಹಾಕಿದ್ರೂ ಚಕ್ರ ಚಕ್ರಾನೇ ಅಲ್ವಾ?" ಎಂದಳು. ಅವನು ಎಡದ್ದನ್ನು ಎಡಕ್ಕೇ ಸಿಕ್ಕಿಸಿದ. ಟಿಕ್. ಬಲದ್ದನ್ನು ಬಲಕ್ಕೆ. ಟಿಕ್. ಸರಿಯಾಗಿ ಹಾಕಿದ ಮೇಲೆ ಸರಿಯಾಗಿಯೇ ಕಾಣುತ್ತಿತ್ತು, ಅದೇ ಅವನಿಗೆ ಸಹಿಸಲಾಗುತ್ತಿರಲಿಲ್ಲ.

ಅವನು ಹಲ್ಲು ಮಾಡುವವನು. ಊರಿನ ನಾಲ್ಕು ಜನ ದಂತವೈದ್ಯರು ಕಳಿಸುವ ಅಚ್ಚುಗಳಿಗೆ ತಕ್ಕಂತೆ ಕಟ್ಟುಹಲ್ಲಿನ ಸೆಟ್ಟುಗಳನ್ನು ಮಾಡಿಕೊಡುವುದು, ಒಂದೇ ಕಿಟಕಿಯ ಕೋಣೆಯಲ್ಲಿ ದೀಪ ಬಗ್ಗಿಸಿಕೊಂಡು, ಮೂವತ್ತು ವರ್ಷಗಳಿಂದ. ಕಂಡವರ ಬಾಯಿಯನ್ನೆಲ್ಲ ಸರಿಮಾಡಿದ ಅವನ ಸ್ವಂತ ಬಾಯಿಂದ ಹೊರಡಬೇಕಾದ ಒಂದೇ ಒಂದು ಮಾತು ಮಾತ್ರ ಮೂವತ್ತಮೂರು ವರ್ಷಗಳಿಂದ ಹೊರಟಿರಲಿಲ್ಲ. ಮಾಡೆಲ್ಲುಗಳ ಹುಚ್ಚು ಹತ್ತಿದ್ದು ನಲವತ್ತು ದಾಟಿದ ಮೇಲೆ. ಅಂಗಡಿಯಲ್ಲಿ ಸಿಗುವ ಟ್ರ್ಯಾಕ್ಟರ್, ನಿಜದ್ದರ ಮೂವತ್ತೆರಡನೇ ಒಂದು ಪಾಲು, ಫಳಫಳ ಹೊಳೆಯುವಂಥದು. ಅದನ್ನು ತಂದು ಬಣ್ಣ ಕರಗಿಸಿ, ಕೊಯ್ದು, ತೇಯ್ದು, ಅದರೊಳಗಿಂದ ಬೇರೊಂದು ಟ್ರ್ಯಾಕ್ಟರ್ ತೆಗೆಯುವುದು. ಇದು ಎಂಟನೆಯದು. ಚಾಲಕನ ಗಾಜಿನ ಗೂಡನ್ನು ಗರಗಸದಿಂದ ಕೊಯ್ದು ಬಿಸಾಡಿದ್ದ. ಬಾನೆಟ್ಟನ್ನು ನಾಲ್ಕು ಮಿಲಿಮೀಟರ್ ಗಿಡ್ಡ ಮಾಡಿದ್ದ. ಹೊಗೆಕೊಳವೆಗೆ ಇಂಜೆಕ್ಷನ್ ಸೂಜಿ, ಗೇರಿನ ಕಡ್ಡಿಗೆ ಹಲ್ಲು ನೇರಮಾಡುವ ತಂತಿ. ಬಿಸಿಲಿಗೆ ಮಾಸಿದ ಕೆಂಪು ಯಾವ ಡಬ್ಬಿಯಲ್ಲೂ ಸಿಗದೆ ವಾರಗಟ್ಟಲೆ ಒದ್ದಾಡಿ, ಕೊನೆಗೆ ಕಟ್ಟುಹಲ್ಲಿನ ಒಸಡಿಗೆ ಹಾಕುವ ಗುಲಾಬಿ ಪುಡಿಯನ್ನು ಕೆಂಪಿಗೆ ಬೆರೆಸಿದಾಗ ಆ ಬಣ್ಣ ತಟ್ಟನೆ ಬಟ್ಟಲಲ್ಲಿ ಎದ್ದುನಿಂತಿತ್ತು, ಅಣ್ಣನ ಟ್ರ್ಯಾಕ್ಟರಿನ ಬಣ್ಣ. ಆ ದಿನ ಕೆಲಸದ ಕೋಣೆಯಲ್ಲಿ ಒಬ್ಬನೇ ಕೂತು ಜೋರಾಗಿ ನಕ್ಕಿದ್ದ. ಆಮೇಲೆ ಟೈರು. ಅಂಗಡಿಯ ಟೈರು ಬೇಡವೆಂದು, ಬಾಯಿಯ ಅಚ್ಚು ತೆಗೆಯುವ ಮೇಣದಲ್ಲೇ ಅಚ್ಚು ಮಾಡಿ, ಕಪ್ಪು ರಬ್ಬರು ಸುರಿದು, ಒಂದೊಂದು ಏಣನ್ನೂ ಅಲಗಿನಿಂದ ತಿದ್ದಿದ್ದ.

ಬಸ್ಸಿನಲ್ಲಿ ಪೆಟ್ಟಿಗೆ ತೊಡೆಯ ಮೇಲಿತ್ತು. ಹತ್ತಿ ತುಂಬಿದ, ಒಂದು ಕಾಲದಲ್ಲಿ ಬೂಟಿದ್ದ ಪೆಟ್ಟಿಗೆ. ರಸ್ತೆಯ ಒಂದೊಂದು ಹೊಂಡಕ್ಕೂ ಅವನು ಸೀಟಿನಿಂದ ಸ್ವಲ್ಪ ಎದ್ದು ಕಾಲಿನ ಮೇಲೆ ಭಾರ ಹಾಕುತ್ತಿದ್ದ. "ಬಾಣಂತೀನ ಕರ್ಕೊಂಡು ಹೋಗ್ತಿರೋ ಹಾಗೆ ಆಡ್ತೀರಪ್ಪ," ಎಂದು ಹೆಂಡತಿ ಕಿಟಕಿಯ ಕಡೆ ತಿರುಗಿದಳು. ಹೊರಗೆ ಯಾರದೋ ಹೊಲದಲ್ಲಿ ಟ್ರ್ಯಾಕ್ಟರೊಂದು ನಿಂತಿತ್ತು. ಅವನ ಕಣ್ಣು ಮೊದಲು ಹೋದದ್ದು ಹಿಂದಿನ ಟೈರಿಗೇ. ಎಲ್ಲಿ ಟ್ರ್ಯಾಕ್ಟರ್ ಕಂಡರೂ ಅವನು ನೋಡುವುದು ಅದನ್ನೇ. ಟೈರಿನ ಮೇಲಿನ ದಪ್ಪ ಏಣುಗಳು ಬಾಣದ ಮೊನೆಯ ಹಾಗೆ ಕೂಡಿರುತ್ತವೆ; ಮೇಲಿನಿಂದ ನೋಡಿದರೆ ಮೊನೆ ಮುಂದಕ್ಕಿರಬೇಕು. ಆಗ ಉರುಳುವಾಗ ಮೊನೆ ಮೊದಲು ನೆಲಕ್ಕೆ ಊರುತ್ತದೆ, ಕೆಸರು ಎರಡೂ ಪಕ್ಕಕ್ಕೆ ಜಾರಿಹೋಗುತ್ತದೆ. ಎಡದ ಚಕ್ರವನ್ನು ಬಲಕ್ಕೆ ಹಾಕಿಬಿಟ್ಟರೆ ಮೊನೆ ಹಿಂದಕ್ಕಾಗುತ್ತದೆ, ಕೆಸರು ನಡುವಿಗೇ ನುಗ್ಗಿ ಮೆತ್ತಿಕೊಳ್ಳುತ್ತದೆ, ಎರಡು ಸುತ್ತಿಗೆ ಟೈರು ನುಣ್ಣಗಾಗಿ ಸುಮ್ಮನೆ ತಿರುಗತೊಡಗುತ್ತದೆ. ಒಣನೆಲದಲ್ಲಿ ಗೊತ್ತೂ ಆಗುವುದಿಲ್ಲ. ಆದರೆ ಮೂವತ್ತಮೂರು ವರ್ಷಗಳ ಹಿಂದೆ, ಆ ಉಳುಮೆ ಪಂದ್ಯದ ಹಿಂದಿನ ದಿನ, ಸಂಜೆಯಿಡೀ ಮಳೆ ಹೊಡೆದಿತ್ತು. ಆಗ ಅವನಿಗೆ ಹತ್ತೊಂಬತ್ತು. ಅಣ್ಣ ಎರಡು ವರ್ಷ ಸತತ ಉಳುಮೆ ಪಂದ್ಯ ಗೆದ್ದವನು. ಅವನು ಎಳೆದ ಸಾಲಿನ ಮೇಲೆ ದಾರ ಹಿಡಿದು ನೋಡಿದರೆ ದಾರವೇ ಸೊಟ್ಟ ಎನ್ನುತ್ತಿದ್ದರು ಜನ. ಮೂರನೆಯ ಪಂದ್ಯದ ಹಿಂದಿನ ದಿನ ಅಣ್ಣ ಯಾವುದೋ ಮದುವೆಗೆ ಹೋಗಿದ್ದಾಗ, ಅವನನ್ನು ಬೆರಗುಗೊಳಿಸಬೇಕೆಂದು ತಮ್ಮ, ವೆಲ್ಡಿಂಗಿನವನ ಜ್ಯಾಕು ತಂದು, ಟ್ರ್ಯಾಕ್ಟರನ್ನು ದಿಮ್ಮಿಗಳ ಮೇಲೆ ನಿಲ್ಲಿಸಿ, ಹಿಂದಿನ ಎರಡೂ ಚಕ್ರ ಬಿಚ್ಚಿ, ಗೋಡೆಯ ನೆರಳಿಗೆ ಉರುಳಿಸಿಕೊಂಡು ಹೋಗಿ, ರಿಮ್ಮುಗಳಿಗೆ ಹಳದಿ ಬಣ್ಣ ಬಳಿದಿದ್ದ. ಒಣಗಿದ ಮೇಲೆ ಯಾವುದು ಎಡ, ಯಾವುದು ಬಲ ಎಂದು ಒಂದು ಕ್ಷಣವೂ ಯೋಚಿಸಿರಲಿಲ್ಲ. ಹಳದಿ ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ, ಬೇರೇನೂ ಕಾಣುತ್ತಿರಲಿಲ್ಲ. "ಟಿಕೆಟ್," ಎಂದ ಕಂಡಕ್ಟರ್ ಮೂರನೆಯ ಸಲ, ಹೆಂಡತಿ ಮೊಣಕೈಯಿಂದ ತಿವಿದಳು.

ಪ್ರದರ್ಶನ ನಡೆಯುತ್ತಿದ್ದುದು ಶಾಲೆಯೊಂದರ ಸಭಾಂಗಣದಲ್ಲಿ. ಸುಣ್ಣ ಮತ್ತು ಹಳೆಯ ಬೆಂಚುಗಳ ವಾಸನೆ, ಹಸಿರು ಉಣ್ಣೆಬಟ್ಟೆ ಹಾಸಿದ ಉದ್ದುದ್ದ ಮೇಜುಗಳು, ಒಂದೊಂದು ಮಾಡೆಲ್ಲಿನ ಮುಂದೂ ಒಂದೊಂದು ನಂಬರು. ಅವನದು ಇಪ್ಪತ್ತೇಳು, 'ಮಾರ್ಪಾಟು' ವಿಭಾಗ. ಪಕ್ಕದ ಇಪ್ಪತ್ತಾರು, ಎಲ್ಲರೂ ಬ್ಯಾಂಕಿನವರು ಎಂದು ಕರೆಯುವ ಒಬ್ಬರದು. ಎರಡು ವರ್ಷ ಬಹುಮಾನ ಹೊಡೆದವರು, ಒಂದು ಧೂಳಿನ ಕಣವೂ ಕೂರದಂಥ ಟ್ರ್ಯಾಕ್ಟರುಗಳನ್ನು ಮಾಡುವವರು. ಕೈ ಕುಲುಕುತ್ತಲೇ ಅವರ ಕಣ್ಣು ಅವನ ಪೆಟ್ಟಿಗೆಯೊಳಗಿತ್ತು. "ಓಹೋ, ಈ ಸಲ ಮುದುಕನ್ನ ತಂದಿದೀರಿ!" ಎಂದರು. ಅವನು ಹಲ್ಲು ಕಿರಿದ. ಕಳೆದ ವರ್ಷ ಇವರೇ ಅವನ ಏಳನೆಯ ಟ್ರ್ಯಾಕ್ಟರಿನ ಸ್ಟಿಯರಿಂಗು ದೊಡ್ಡದಾಯಿತು ಎಂದು ನಾಲ್ಕು ಜನರ ಮುಂದೆ ನಕ್ಕಿದ್ದರು; ಆಗಲೂ ಅವನು ಹೀಗೇ ಹಲ್ಲು ಕಿರಿದಿದ್ದ, ಮನೆಗೆ ಬಂದು ಎರಡು ದಿನ ಊಟ ಸೇರಿರಲಿಲ್ಲ. ಮೇಜಿನ ಮೇಲೆ ಟ್ರ್ಯಾಕ್ಟರ್ ಇಟ್ಟ. ಎಡದ ಮಡ್‌ಗಾರ್ಡಿನ ತಗ್ಗು, ಸೀಟಿನ ಮೇಲೆ ಮಡಿಸಿದ ಗೋಣಿತಾಟು, ಹತ್ಯಾರದ ಪೆಟ್ಟಿಗೆಗೆ ತಂತಿಯಿಂದ ಕಟ್ಟಿದ ಸ್ಪಾನರು, ಹಳದಿ ರಿಮ್ಮುಗಳು. ಎಲ್ಲವೂ ಪಂದ್ಯದ ದಿನ ಬೆಳಿಗ್ಗೆ ಏಳು ಗಂಟೆಗೆ ಇದ್ದ ಹಾಗೇ ಇತ್ತು, ಎರಡು ಟೈರುಗಳನ್ನು ಬಿಟ್ಟು. ಟೈರುಗಳು ಸರಿಯಾಗಿದ್ದವು. ಕಾರ್ಡಿನಲ್ಲಿ 'ಮಾಡೆಲ್ಲಿನ ಹೆಸರು' ಎಂಬಲ್ಲಿ ಏನು ಬರೆಯುವುದೆಂದು ತಿಳಿಯದೆ ಖಾಲಿ ಬಿಟ್ಟ.

ಸರಿಯಾಗಿಯೇ ಇರಲಿ ಎಂದುಕೊಂಡ. ಅಣ್ಣನಿಗೆ ಅರವತ್ತೊಂದು, ಕಣ್ಣಿನ ಆಪರೇಷನ್ ಆಗಿದೆ, ಇದು ತನ್ನ ಟ್ರ್ಯಾಕ್ಟರು ಎಂದು ಗುರುತಿಸಿ ಬೆನ್ನು ತಟ್ಟಿ ಹೋಗುತ್ತಾನೆ. ಬಹುಮಾನವೂ ಬರಬಹುದು. ಈ ಸಲ ಬರಬೇಕು, ಬರುತ್ತದೆ, ಅದು ಅವನಿಗೆ ಕೈಬೆರಳುಗಳಲ್ಲೇ ಗೊತ್ತಿತ್ತು. ಮುಗಿದುಹೋದದ್ದನ್ನು ಕೆದಕಿ ಯಾರಿಗೇನು? ಹೀಗೆ ಅಂದುಕೊಳ್ಳುತ್ತಿರುವಾಗಲೇ ಬಾಗಿಲಲ್ಲಿ ಅಣ್ಣ ಕಾಣಿಸಿದ. ಒಗೆದ ಅಂಗಿಯ ಗುಂಡಿಗಳನ್ನು ಮೇಲಿನವರೆಗೂ ಹಾಕಿಕೊಂಡು, ಒಂದು ಕಾಲು ಎಳೆಯುತ್ತ, ಹಿಂದೆ ಅತ್ತಿಗೆ. ಟಿಕೆಟ್ ಹರಿಯುವ ಮೇಜಿನಲ್ಲಿ ಕೂತಿದ್ದ, ಅಣ್ಣನ ಊರಿನವನೇ ಆದ ಬೀಜದಂಗಡಿಯ ಮುದುಕ ಕೈಯೆತ್ತಿ ಇಡೀ ಸಭಾಂಗಣಕ್ಕೆ ಕೇಳುವ ಹಾಗೆ ಕೂಗಿದ: "ಏನಯ್ಯಾ ಉಲ್ಟಾ, ಚೆನ್ನಾಗಿದೀಯಾ?"

ಅಣ್ಣ ನಕ್ಕ. ಅದೇ ನಗು. ಮೂವತ್ತಮೂರು ವರ್ಷಗಳಿಂದ ಮದುವೆ ಮನೆಗಳಲ್ಲಿ, ಬಸ್ ನಿಲ್ದಾಣದಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ನಕ್ಕು ನಕ್ಕು ಸವೆದ ನಗು. ಅಂದು ಹೊಲದ ನಡುವೆ ಟ್ರ್ಯಾಕ್ಟರ್ ಹೊಟ್ಟೆಯವರೆಗೆ ಹೂತು, ಹಳದಿ ರಿಮ್ಮುಗಳು ಒಂದೇ ಸಮನೆ ತಿರುಗುತ್ತ ಸುತ್ತಲಿನವರ ಬಟ್ಟೆಗೆಲ್ಲ ಕೆಸರು ಹಾರಿಸುತ್ತಿದ್ದಾಗ, ಯಾರೋ ಬಗ್ಗಿ ನೋಡಿ "ಅಯ್ಯೋ, ಟೈರು ಉಲ್ಟಾ ಹಾಕಿದಾನೆ ಕಣ್ರೋ!" ಎಂದು ಕೂಗಿದ್ದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೈಕಿನವನು ಕೂಡ ಮೈಕಿನಲ್ಲೇ ನಕ್ಕ. ಗುಂಪಿನಲ್ಲಿ ಮೊದಲ ಸಾಲಿನಲ್ಲಿ ನಿಂತಿದ್ದ ಅವನು ಉಗುರಿನ ಸಂದಿಯ ಹಳದಿ ಕಾಣದಂತೆ ಎರಡೂ ಕೈಗಳನ್ನು ಜೇಬಿಗೆ ತುರುಕಿಕೊಂಡ. ಅಣ್ಣ ಸೀಟಿನ ಮೇಲಿಂದ ಅವನನ್ನು ಒಮ್ಮೆ ನೋಡಿದ, ಆಮೇಲೆ ಜನರ ಕಡೆ ತಿರುಗಿ, "ನಾನೇ ಹಾಕಿದ್ದು. ಗಡಿಬಿಡೀಲಿ ನೋಡ್ಲಿಲ್ಲ," ಎಂದ. ಮುಂದಿನ ವರ್ಷ ಪಂದ್ಯಕ್ಕೆ ಹೆಸರು ಕೊಡಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ. ದಾರಕ್ಕಿಂತ ನೇರವಾಗಿ ಸಾಲು ಹೊಡೆಯುತ್ತಿದ್ದವನು ಉಲ್ಟಾ ಆಗಿ ಉಳಿದ.

ಅವನು ಪೆಟ್ಟಿಗೆಯಿಂದ ಸಣ್ಣ ಇಕ್ಕಳವನ್ನೂ, ದಾರಿಯಲ್ಲಿ ಏನಾದರೂ ಕಳಚಿದರೆ ಬೇಕಾಗುತ್ತದೆಂದು ತಂದಿದ್ದ ಅಂಟಿನ ಟ್ಯೂಬನ್ನೂ ತೆಗೆದ. ಜನರಿಗೆ ಬೆನ್ನು ಕೊಟ್ಟು ನಿಂತ. ಬೆರಳುಗಳು ಹಲ್ಲಿನ ಕೆಲಸದಲ್ಲಿ ಇರುವಷ್ಟೇ ತಣ್ಣಗಿದ್ದವು. ಎಡದ್ದನ್ನು ಬಿಚ್ಚಿದ, ಬಲದ್ದನ್ನು ಬಿಚ್ಚಿದ. ಹಿತ್ತಾಳೆಯ ಕಡ್ಡಿಯ ಎರಡು ತುದಿಗೂ ಒಂದೊಂದು ಹನಿ. ಎಡದ್ದು ಬಲಕ್ಕೆ. ಬಲದ್ದು ಎಡಕ್ಕೆ. ಒತ್ತಿ ಹಿಡಿದು ಮನಸ್ಸಿನಲ್ಲೇ ಮೂವತ್ತರವರೆಗೆ ಎಣಿಸಿದ. ಈ ಸಲ ಟಿಕ್ ಎನ್ನಲಿಲ್ಲ. ಕೈ ಬಿಟ್ಟು ಮೆಲ್ಲಗೆ ಎಳೆದು ನೋಡಿದ, ಅಲುಗಲಿಲ್ಲ. ಇನ್ನು ಯಾರಪ್ಪ ಬಂದರೂ ಅದು ಬಿಚ್ಚುವುದಿಲ್ಲ ಎಂದು ಗೊತ್ತಾದ ಕೂಡಲೇ, ಎಂದೂ ಇಲ್ಲದ ಒಂದು ಹಗುರ ಮೈಯೆಲ್ಲ ಹರಿದು, ಅವನಿಗೆ ನಗು ಬಂತು. ಹೆಬ್ಬೆರಳಿಗೂ ತೋರುಬೆರಳಿಗೂ ಅಂಟು ಮೆತ್ತಿತ್ತು. ಈ ಸಲ ಅವನು ಕೈಗಳನ್ನು ಜೇಬಿಗೆ ಹಾಕಲಿಲ್ಲ.

ತೀರ್ಪುಗಾರರು ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಕೈಯಲ್ಲಿ ಸದಾ ಹಿಡಿದಿರುವ ಭೂತಗನ್ನಡಿಯಿಂದಾಗಿ ಅದೇ ಅವರ ಹೆಸರೂ ಆಗಿತ್ತು. ಭೂತಗನ್ನಡಿ ಒಂದೊಂದೇ ಮೇಜು ದಾಟಿ ಬಂದರು, ಹಿಂದೆ ಹತ್ತು ಹನ್ನೆರಡು ಜನ. ಬ್ಯಾಂಕಿನವರದನ್ನು ನೋಡಿ "ಚೊಕ್ಕಟವಾಗಿದೆ" ಎಂದರು. ಇಪ್ಪತ್ತೇಳರ ಮುಂದೆ ನಿಂತರು, ಬಗ್ಗಿದರು, ಏಳಲಿಲ್ಲ. "ಈ ಕೆಂಪು ಎಲ್ಲಿ ಸಿಕ್ತು ರೀ ನಿಮಗೆ?" "ಒಸಡಿನ ಪುಡಿ ಸರ್. ಕಟ್ಟುಹಲ್ಲಿಗೆ ಹಾಕ್ತೀವಲ್ಲ, ಅದು." ಭೂತಗನ್ನಡಿ ತಲೆಯೆತ್ತಿ ಅವನನ್ನು ಒಮ್ಮೆ ಪೂರ್ತಿ ನೋಡಿ, ಮತ್ತೆ ಬಗ್ಗಿದರು. ಗೋಣಿತಾಟಿನ ನೇಯ್ಗೆ ನೋಡಿದರು, ಸ್ಪಾನರಿನ ತಂತಿ ಎಷ್ಟು ಸುತ್ತು ಸುತ್ತಿದೆ ಎಂದು ಎಣಿಸಿದರು, ತಮ್ಮಷ್ಟಕ್ಕೇ "ಎಲಾ ಎಲಾ" ಅಂದುಕೊಂಡರು. ಅಷ್ಟರಲ್ಲಿ ಅಣ್ಣನೂ ಅತ್ತಿಗೆಯೂ ಹೆಂಡತಿಯ ಜೊತೆ ಗುಂಪಿನ ಹಿಂದೆ ಬಂದು ನಿಂತಿದ್ದರು. ಅಣ್ಣ ಜನರ ಭುಜಗಳ ನಡುವಿನಿಂದ ಮೇಜಿನ ಕಡೆ ನೋಡುತ್ತಿದ್ದ. ಅವನ ಮುಖದಲ್ಲಿ ಏನೂ ಇರಲಿಲ್ಲ. ಭೂತಗನ್ನಡಿ ಹಿಂದಿನ ಚಕ್ರಕ್ಕೆ ಬಂತು, ಇನ್ನೊಂದು ಚಕ್ರಕ್ಕೆ ಹೋಯಿತು, ಮತ್ತೆ ಮೊದಲನೆಯದಕ್ಕೆ ಬಂತು.

"ಅಯ್ಯಯ್ಯೋ," ಎಂದರು ತೀರ್ಪುಗಾರರು, ನಿಜವಾಗಿಯೂ ನೊಂದು. "ಇಷ್ಟೆಲ್ಲ ಮಾಡಿ ಟೈರು ಉಲ್ಟಾ ಹಾಕ್ಬಿಟ್ರಲ್ರೀ!"

ಗುಂಪು ನಕ್ಕಿತು. ಬ್ಯಾಂಕಿನವರು "ಒಂದನೇ ಕ್ಲಾಸಿನ ಪಾಠ ಇದು" ಎಂದರು, ಮೆಲ್ಲಗೇ, ಆದರೆ ಎಲ್ಲರಿಗೂ ಕೇಳುವಷ್ಟು. ಅದೇ ಸದ್ದು, ಮೂವತ್ತಮೂರು ವರ್ಷಗಳಲ್ಲಿ ಅದಕ್ಕೆ ವಯಸ್ಸೇ ಆಗಿರಲಿಲ್ಲ. ಅವನ ಕಿವಿ ಕಾದು ಕೆಂಪಾಯಿತು. ಆಗ ಗುಂಪಿನ ಹಿಂದಿನಿಂದ ಅಣ್ಣನ ದನಿ ಬಂತು: "ಇರ್ಲಿ ಬಿಡಿ ಸ್ವಾಮಿ. ಅವನಿಗೆ ಸ್ವಲ್ಪ ಮರೆವು, ಗಡಿಬಿಡೀಲಿ..." ಅದೇ ಗಡಿಬಿಡಿ. ಮತ್ತೆ ಅಣ್ಣ ಮುಂದೆ ಬರುತ್ತಿದ್ದ, ಕಾಲೆಳೆಯುತ್ತ, ಅದೇ ನಗು ನಗುತ್ತ, ಅವನ ತಪ್ಪನ್ನು ಇನ್ನೊಂದು ಸಲ ಎತ್ತಿ ಹೆಗಲಿಗೆ ಹಾಕಿಕೊಳ್ಳಲು.

"ಮರೆವಲ್ಲ," ಎಂದ ಅವನು. ಹುಟ್ಟಿದಾರಭ್ಯ ಅಣ್ಣನ ಮಾತನ್ನು ಅವನು ನಡುವೆ ಕತ್ತರಿಸಿದ್ದು ಇದೇ ಮೊದಲು. ದನಿ ತಾನಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು, ಪಕ್ಕದ ಮೇಜಿನವರೂ ತಿರುಗಿದರು. "ಗಡಿಬಿಡೀನೂ ಅಲ್ಲ ಸರ್. ಈ ಟ್ರ್ಯಾಕ್ಟರ್ ಇದ್ದಿದ್ದೇ ಹೀಗೆ. ಉಳುಮೆ ಪಂದ್ಯದ ದಿನ ಬೆಳಿಗ್ಗೆ ಇದರ ಟೈರು ಉಲ್ಟಾನೇ ಇತ್ತು. ಆ ಬೆಳಿಗ್ಗೇದು ಇದು."

ನಗು ಅಲ್ಲಲ್ಲೇ ನಿಂತಿತು. ತೀರ್ಪುಗಾರರು ಕನ್ನಡಿಯನ್ನು ಕೆಳಗಿಳಿಸಿದರು. ಅವರಿಗೆ ನಿಯಮವೆಂದರೆ ನಿಯಮ. "ನೋಡಿ, ವಾಡಿಕೆ ಬಿಟ್ಟು ಏನಾದ್ರೂ ಮಾಡಿದ್ರೆ ಪುರಾವೆ ತೋರಿಸ್ಬೇಕು. ಒಂದು ಫೋಟೋ, ಇಲ್ಲಾ ಕಣ್ಣಾರೆ ಕಂಡ ಒಬ್ಬ ಸಾಕ್ಷಿ. ಏನಿದೆ?"

"ಹಾಕಿದ್ದು ನಾನು," ಎಂದ ಅವನು. ಅಂಟು ಮೆತ್ತಿದ ಎರಡು ಬೆರಳು ತಮ್ಮಷ್ಟಕ್ಕೆ ತಾವೇ ಮೇಲೆದ್ದವು. "ನನ್ನಣ್ಣ ಅಲ್ಲ. ನಾನು. ರಿಮ್ಮಿಗೆ ಬಣ್ಣ ಬಳಿಯೋಕೆ ಅಂತ ಬಿಚ್ಚಿ ಅದಲುಬದಲು ಹಾಕ್ದೆ. ಅವನು ತಾನೇ ಹಾಕಿದ್ದು ಅಂತ ಹೇಳಿ ಜನರ ಬಾಯಿಗೆ ಬಿದ್ದ. ನಾನು ಅಲ್ಲೇ ನಿಂತಿದ್ದೆ, ಸುಮ್ನಿದ್ದೆ. ಇವತ್ತಿನವರೆಗೂ ಸುಮ್ನಿದ್ದೆ." ಅಷ್ಟೇ. ಎಷ್ಟು ಸಣ್ಣ ಮಾತು, ಆಡಿ ಮುಗಿಸಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಹೆಂಡತಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಹನ್ನೊಂದು ದಿನದ ಪಂಕ್ಚರ್ ಅಂಗಡಿ ಅವಳಿಗೆ ಆಗ ಅರ್ಥವಾಗಿರಬೇಕು. ನೆಲ ಬಾಯಿಬಿಟ್ಟು ನುಂಗಬಾರದೇ ಎಂದು ಅನಿಸುತ್ತದೆ ಅಂದುಕೊಂಡಿದ್ದ ಅವನು. ಹಾಗೇನೂ ಅನಿಸಲಿಲ್ಲ. ನೆಲ ಕಾಲಿನ ಕೆಳಗೆ ಗಟ್ಟಿಯಾಗಿ ನಿಂತಿತ್ತು.

"ಓಡಿಸಿದ್ದು ನಾನು," ಎಂದ ಅಣ್ಣ.

ಜನ ದಾರಿ ಬಿಟ್ಟರು. ಅಣ್ಣ ಮೇಜಿನ ಹತ್ತಿರ ಬಂದ. ನಗು ಮುಖದಿಂದ ಹೋಗಿತ್ತು. ಅದಿಲ್ಲದ ಅಣ್ಣನ ಮುಖವನ್ನು ಅವನು ನೋಡಿ ಎಷ್ಟು ಕಾಲವಾಗಿತ್ತೋ. ಅಣ್ಣ ಕೈಚಾಚಿದ, ಭೂತಗನ್ನಡಿ ತಮ್ಮ ಭೂತಗನ್ನಡಿಯನ್ನು ಕೊಟ್ಟರು. ಬಹಳ ಹೊತ್ತು ನೋಡಿದ. ಮಡ್‌ಗಾರ್ಡಿನ ತಗ್ಗಿನ ಮೇಲೆ ಕನ್ನಡಿ ನಿಂತಿತು. "ಇದು ನಿಮ್ಮತ್ತಿಗೆ ಗೇಟು ತಾಗಿಸಿದ್ದು," ಎಂದ. "ನಾನಲ್ಲ, ಗೇಟೇ ಬಂದು ತಾಗಿದ್ದು," ಎಂದಳು ಅತ್ತಿಗೆ ಹಿಂದಿನಿಂದ. ಗೋಣಿತಾಟು ನೋಡಿದ. ಸ್ಪಾನರು ನೋಡಿದ. ಆಮೇಲೆ ಟೈರು. ಟೈರು ನೋಡುತ್ತಲೇ, ತಲೆಯೆತ್ತದೆ, ಮೇಜಿಗೆ ಹೇಳುವ ಹಾಗೆ ಹೇಳಿದ: "ಬೆಳಿಗ್ಗೆನೇ ನೋಡಿದ್ದೆ ಕಣೋ."

"ಏನು?"

"ಟೈರು. ಏಳು ಗಂಟೆಗೆ ಶೆಡ್ಡಿಂದ ಆಚೆ ತೆಗೆದೆನಲ್ಲ, ಆಗಲೇ ಕಂಡಿತ್ತು. ಬಿಚ್ಚಿ ಹಾಕೋಕೆ ಒಂದು ಗಂಟೆ ಬೇಕು. ಪಂದ್ಯಕ್ಕೆ ಇನ್ನೂ ಎರಡು ಗಂಟೆ ಇತ್ತು." ಅಣ್ಣ ಕನ್ನಡಿಯನ್ನು ಇನ್ನೊಂದು ಟೈರಿಗೆ ಸರಿಸಿದ. "ಎರಡು ಸಲ ಗೆದ್ದಿದ್ನಲ್ಲ, ತಲೆ ನೆಟ್ಟಗೆ ಇರಲಿಲ್ಲ. ಉಲ್ಟಾ ಟೈರಲ್ಲೇ ಹೊಡೆದು ತೋರಿಸ್ತೀನಿ ನೋಡ್ತಿರಿ, ಆಮೇಲೆ ಎಲ್ಲರಿಗೂ ಹೇಳ್ತೀನಿ, ಜನ ಬಾಯ್ಮೇಲೆ ಬೆರಳಿಡ್ಬೇಕು ಅಂದ್ಕೊಂಡೆ. ನಿನ್ನ ಮರ್ಯಾದೆ ಉಳಿಸಿದೆ ಅಂತ ಅಂದ್ಕೊಂಡಿದ್ಯಾ ಇಷ್ಟು ವರ್ಷ? ಜಂಬ ಕಣೋ. ನನ್ನ ಜಂಬ ಹೂತುಹೋಗಿದ್ದು ಅದು."

ಅವನು ಅಣ್ಣನನ್ನೇ ನೋಡಿದ. ಮೂವತ್ತಮೂರು ವರ್ಷ ಅಣ್ಣನ ಮನೆಗೆ ಹೋದಾಗಲೆಲ್ಲ ಬಾಗಿಲಲ್ಲೇ ಒಂದು ಕ್ಷಣ ನಿಂತು ಉಸಿರು ಎಳೆದುಕೊಂಡದ್ದು, ಅಣ್ಣ ಏನು ಕೇಳಿದರೂ ಇಲ್ಲವೆನ್ನದೆ ಓಡಿದ್ದು, ಅತ್ತಿಗೆಗೆ ಪುಕ್ಕಟೆ ಮಾಡಿಕೊಟ್ಟ ಎರಡು ಹಲ್ಲು, ಎಲ್ಲವೂ ಒಟ್ಟಿಗೆ ನುಗ್ಗಿ ಬಂದವು. "ಮತ್ತೆ ಹೇಳೋದಲ್ವಾ?" ಎಂದ. ಸಿಟ್ಟೇ ಬಂದಿತ್ತು ಅವನಿಗೆ, ನಿಜವಾದ ಸಿಟ್ಟು, ಅಣ್ಣನ ಮೇಲೆ, ಜೀವಮಾನದಲ್ಲಿ ಮೊದಲ ಸಲ. ಅದು ಎಷ್ಟು ಹಿತವಾಗಿತ್ತು. "ಒಂದ್ಸಲನಾದ್ರೂ ಹೇಳೋದಲ್ವಾ?"

"ಹೇಳೋಣ ಅಂತಿದ್ದೆ," ಎಂದ ಅಣ್ಣ. "ಆದ್ರೆ ಆವತ್ತಿಂದ ನೀನು ನನ್ನ ದೇವರ ಥರ ನೋಡೋಕೆ ಶುರು ಮಾಡ್ದೆ. ಅದು ಚೆನ್ನಾಗಿತ್ತು. ಸುಮ್ನಾದೆ." ಹಾಗೆಂದವನ ತುಟಿ ಅದುರಿತು, ಅಳುತ್ತಾನೆ ಅಂದುಕೊಂಡರು ಎಲ್ಲರೂ. ಆದರೆ ಅವನು ನಕ್ಕ, ಸವೆದ ನಗುವಲ್ಲ, ಹೊಟ್ಟೆಯಿಂದ ಬಂದ ದೊಡ್ಡ ನಗು, ಕೆಮ್ಮು ಬರುವಷ್ಟು. ತಮ್ಮನಿಗೂ ತಡೆಯಲಾಗಲಿಲ್ಲ. ಇಬ್ಬರು ನಡುವಯಸ್ಸು ದಾಟಿದವರು ಮೇಜನ್ನು ಹಿಡಿದುಕೊಂಡು ನಗುತ್ತಿರುವುದನ್ನು ನೋಡಿ ಅತ್ತಿಗೆ, "ಮೂವತ್ತು ವರ್ಷ ಉಲ್ಟಾನ ಹೆಂಡ್ತಿ ಅನ್ನಿಸ್ಕೊಂಡಿದ್ದು ನಾನು. ನನ್ನನ್ನ ಯಾರೂ ಕೇಳ್ಲಿಲ್ಲ," ಎಂದು ಮೂಗು ಮುರಿದು, ಸೆರಗಿನಿಂದ ಕಣ್ಣೊರೆಸಿಕೊಂಡಳು.

ತೀರ್ಪುಗಾರರು ಗಂಟಲು ಸರಿಮಾಡಿಕೊಂಡು ಕನ್ನಡಿಯನ್ನು ವಾಪಸ್ಸು ತೆಗೆದುಕೊಂಡರು. ಚಕ್ರವನ್ನು ಉಗುರಿನಿಂದ ಮೆಲ್ಲಗೆ ಎಳೆದು ನೋಡಿದರು. "ಅಂಟಿಸಿಬಿಟ್ಟಿದೀರಾ?" "ಹೌದು ಸರ್." "ಇನ್ನು ಬಿಚ್ಚೋಕಾಗಲ್ಲ?" "ಆಗಲ್ಲ." ಅವರು ಕಾರ್ಡು ಎತ್ತಿಕೊಂಡು, "ಹೆಸರು ಖಾಲಿ ಬಿಟ್ಟಿದೀರಲ್ಲ, ಏನಂತ ಬರೀಲಿ?" ಎಂದರು. ಅವನು ಯೋಚಿಸುವ ಮೊದಲೇ ಅಣ್ಣ ಹೇಳಿದ: "ಉಲ್ಟಾ ಅಂತಾನೇ ಬರೀರಿ."

ಮಧ್ಯಾಹ್ನ ಮೂರಕ್ಕೆ ಎಲ್ಲರನ್ನೂ ವೇದಿಕೆಯ ಮುಂದೆ ಕೂರಿಸಿದರು. ಬೆಂಚಿನ ಮೇಲೆ ಅವನು, ಪಕ್ಕದಲ್ಲಿ ಅಣ್ಣ, ಆಚೆ ಹೆಂಗಸರಿಬ್ಬರು ಏನನ್ನೋ ಗುಸುಗುಸು ಮಾತಾಡಿಕೊಳ್ಳುತ್ತ. ಅವನು ಬೆರಳಿನ ಒಣಗಿದ ಅಂಟನ್ನು ಸುಲಿಯುತ್ತಿದ್ದ. ಬಹುಮಾನ ಬಂದರೂ ಸರಿ, ಬಾರದಿದ್ದರೂ ಸರಿ ಎಂದು ಅಂದುಕೊಳ್ಳಲು ನೋಡಿದ. ಸುಳ್ಳು, ಅವನಿಗೆ ಬಹುಮಾನ ಬೇಕಾಗಿತ್ತು, ಈಗಂತೂ ಎರಡರಷ್ಟು ಬೇಕಾಗಿತ್ತು. ಭೂತಗನ್ನಡಿ ಮೈಕಿನ ಮುಂದೆ ಬಂದರು. ಬ್ಯಾಂಕಿನವರಿಗೆ ಎರಡನೆಯದು. ಅವರು ಸೋತ ಮುಖವನ್ನು ಅಂಗಿಯ ಹಾಗೆ ನೀವಿಕೊಂಡು ಹೋಗಿ ತೆಗೆದುಕೊಂಡು ಬಂದರು. "ಇನ್ನು ಮೊದಲನೇದು," ಎಂದರು ತೀರ್ಪುಗಾರರು. "ನಲವತ್ತು ವರ್ಷ ನಾನು ಟ್ರ್ಯಾಕ್ಟರಲ್ಲಿ ತಪ್ಪು ಹುಡುಕಿ ಸಂಬಳ ತಗೊಂಡವನು. ಒಂದು ತಪ್ಪನ್ನ ಇಷ್ಟು ಸರಿಯಾಗಿ ಮಾಡಿದ್ದನ್ನ ಎಲ್ಲೂ ನೋಡಿರಲಿಲ್ಲ. ಮೊದಲನೇ ಬಹುಮಾನ..." ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು, ಗಟ್ಟಿಯಾಗಿ ಓದಿದರು: "ಉಲ್ಟಾ!"

"ಹ್ಞಾಂ, ಬಂದೆ," ಎನ್ನುತ್ತ ಅಣ್ಣ ಎದ್ದುಬಿಟ್ಟ.

ಮೂವತ್ತಮೂರು ವರ್ಷದ ಅಭ್ಯಾಸ. ಎದ್ದ ಮೇಲೆ ಗೊತ್ತಾಗಿ ಪೆಚ್ಚಾಗಿ ಕೂರಲು ಹೊರಟವನ ರಟ್ಟೆಯನ್ನು ತಮ್ಮ ಹಿಡಿದ. ಸಭಾಂಗಣ ನಗುತ್ತಿತ್ತು, ಚಪ್ಪಾಳೆ ತಟ್ಟುತ್ತ ನಗುತ್ತಿತ್ತು, ಬಾಗಿಲ ಬಳಿಯ ಬೀಜದಂಗಡಿಯ ಮುದುಕ ಎದ್ದು ನಿಂತು "ಉಲ್ಟಾ! ಉಲ್ಟಾ!" ಎಂದು ಕೂಗುತ್ತಿದ್ದ. ಈ ನಗುವಿಗೆ ಕಿವಿ ಕಾಯಲಿಲ್ಲ. ಇಬ್ಬರೂ ಒಟ್ಟಿಗೆ ನಡೆದರು, ಅಣ್ಣನ ಕಾಲಿಗೆ ತಕ್ಕಂತೆ ನಿಧಾನವಾಗಿ. ಬಹುಮಾನದ ಹಿತ್ತಾಳೆಯ ಬಟ್ಟಲನ್ನು ಅವನು ತೆಗೆದುಕೊಂಡ. ಅಣ್ಣ ಬಟ್ಟಲಿನ ಕಡೆ ನೋಡಲೂ ಇಲ್ಲ. ವೇದಿಕೆಯ ಮೇಲಿನ ಹಸಿರು ಬಟ್ಟೆಯ ಉದ್ದನೆಯ ಮೇಜಿನ ಒಂದು ತುದಿಯಲ್ಲಿ ಟ್ರ್ಯಾಕ್ಟರನ್ನು ತಂದಿಟ್ಟಿದ್ದರು. ಮಾಡೆಲ್ಲುಗಳನ್ನು ಯಾರೂ ಮುಟ್ಟಬಾರದೆಂದು ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು. ಅಣ್ಣ ಒಂದು ಕಣ್ಣು ಮುಚ್ಚಿ ಮೇಜಿನ ಆಚೆ ತುದಿಗೆ ಗುರಿ ನೋಡಿದ, ಹಿಂದೆಲ್ಲ ಹೊಲದ ಅಂಚಿನಲ್ಲಿ ನಿಂತು ನೋಡುತ್ತಿದ್ದ ಹಾಗೆ. ಒರಟು ಹೆಬ್ಬೆರಳನ್ನು ಗೋಣಿತಾಟಿನ ಹಿಂದೆ ಊರಿ ಮೆಲ್ಲಗೆ ತಳ್ಳಿಕೊಂಡು ಹೊರಟ. ಹಿಂದಿನ ಚಕ್ರಗಳು ಕಡ್ಡಿ ಸಮೇತ ತಿರುಗಿದವು, ಭೂತಗನ್ನಡಿ ಬೇಡವೆನ್ನಲಿಲ್ಲ, ಸಭೆ ಸದ್ದಿಲ್ಲದೆ ನೋಡುತ್ತಿತ್ತು. ಮೇಜಿನ ಕೊನೆಯಲ್ಲಿ ಅಣ್ಣ ಕೈಯೆತ್ತಿ ಹಿಂತಿರುಗಿ ನೋಡಿದ. ಹಸಿರು ಉಣ್ಣೆಯ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಎರಡು ಸಾಲು ಹಿಂದುಮುಂದಾದ ಬಾಣಗಳು ಬಿದ್ದಿದ್ದವು.

"ನೋಡೋ," ಎಂದ ಅಣ್ಣ, "ನೇರ ಇದೆಯಾ?"

ಅವನು ಬಟ್ಟಲನ್ನು ಕೆಳಗಿಟ್ಟು, ಮೇಜಿನ ತುದಿಗೆ ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದ. ನೇರವಾಗಿತ್ತು.